ಬಿಟ್ಟ ಅಂಕಿಯ ಬೆಲೆ

ಒಂದು ಪರೀಕ್ಷೆಯ ಒಟ್ಟು ಅಂಕಗಳು 625. ಶೇಕಡಾ 60 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಪ್ರಥಮ ದರ್ಜೆ. ಆ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿಗೆ 374 ಅಂಕಗಳು ಬಂದುವು. ಆತ ಮನೆಗೆ ಬಂದವನೇ ಕಾಗದ ಹಿಡಿದು ಲೆಕ್ಕ ಹಾಕಿದ. 374ನ್ನು 100ರಿಂದ ಗುಣಿಸಿ 625ರಿಂದ ಭಾಗಿಸಿದಾಗ 59.84 ಬಂದಿತು. “ಅರ್ಧಕ್ಕಿಂತ ಹೆಚ್ಚಿರುವ ಭಿನ್ನವನ್ನು ಒಂದೆಂದು ಹಿಡಿಯಬೇಕೆಂದು ಮೇಷ್ಟರು ಹೇಳಿಕೊಟ್ಟಿದ್ದಾರೆ. ಆದ್ದರಿಂದ ನನ್ನದು ಶೇಕಡಾ 60, ಪ್ರಥಮ ದರ್ಜೆ!” ಎಂದು ಹಿಗ್ಗಿದ. ಪಕ್ಕದಲ್ಲಿ ಕುಳಿತಿದ್ದ ಅಕ್ಕ ಕಾಗದವನ್ನು ನೋಡಿ, “59ರ ಮುಂದೆ ಎಷ್ಟಾದರೂ ಇರಲಿ, 60 ಇನ್ನೂ ತುಂಬಿಲ್ಲ ಕಣೋ. ನಿನ್ನದು 59” ಎಂದಳು.

ತಮ್ಮನ ಗುಣಾಕಾರ, ಭಾಗಾಕಾರಗಳಲ್ಲಿ ತಪ್ಪಿಲ್ಲ. ಅಕ್ಕನೂ ಅದೇ ಲೆಕ್ಕವನ್ನು ಒಪ್ಪಿದ್ದಾಳೆ. ಆದರೂ ಒಂದೇ ಸಂಖ್ಯೆಯಿಂದ ಇಬ್ಬರಿಗೆ ಎರಡು ಉತ್ತರಗಳು ದೊರೆತಿವೆ. ಇವರಲ್ಲಿ ಯಾರ ಮಾತು ಸರಿ? ಈ ಪ್ರಶ್ನೆ ಒಂದು ಮನೆಯ ಜಗಲಿಯ ಮೇಲೆ ಹುಟ್ಟಿದರೂ ಅಲ್ಲಿಯೇ ಮುಗಿಯುವಂಥದಲ್ಲ. ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ಪ್ರಶ್ನೆಯಿದು; ಪರದೇಶವೊಂದರಲ್ಲಿ ಶಾಸನಸಭೆಯ ಬಲಾಬಲವನ್ನು ರಾತ್ರಿ ಬೆಳಗಾಗುವುದರೊಳಗೆ ಬದಲಿಸಿದ ಪ್ರಶ್ನೆಯೂ ಹೌದು.

ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂದು ಅರ್ಥ. ಯಾವ ಸಂಖ್ಯೆಯನ್ನಾದರೂ ನೂರರ ಅಳತೆಗೆ ತರಬೇಕಾದರೆ ಭಾಗಾಕಾರ ಮಾಡಬೇಕು. ಭಾಗಾಕಾರವೆಂಬುದು ಎಲ್ಲ ಸಂದರ್ಭಗಳಲ್ಲಿಯೂ ಮುಗಿಯುವ ಕೆಲಸವಲ್ಲ. ಮೂರರಲ್ಲಿ ಒಂದು ಭಾಗವನ್ನು ಶೇಕಡಾವಾರು ಬರೆಯಹೊರಟರೆ 33.333 ಎಂದು ಮೂರರ ಸಾಲು ಕೊನೆಯಿಲ್ಲದೆ ಬೆಳೆಯುತ್ತದೆ. ಬರೆಯುವವನು ಎಲ್ಲಿಯಾದರೂ ಒಂದು ಕಡೆ ನಿಲ್ಲಿಸಲೇಬೇಕು. ಉಳಿದ ಅಂಕಿಗಳನ್ನು ಬಿಡಲೇಬೇಕು. ಹೀಗೆ ಬಿಡುವುದಕ್ಕೆ ಎರಡು ಕ್ರಮಗಳಿವೆ.

ಮೊದಲನೆಯದು ಹತ್ತಿರದ ಸಂಖ್ಯೆಗೆ ತರುವ ಕ್ರಮ. ಇದನ್ನು ‘ಸಮೀಪಗೊಳಿಸುವುದು’ ಎನ್ನಬಹುದು. ಬಿಡುವ ಭಾಗ ಅರ್ಧಕ್ಕಿಂತ ಕಡಿಮೆಯಿದ್ದರೆ ಅದನ್ನು ಕೈಬಿಡುವುದು, ಅರ್ಧ ಅಥವಾ ಹೆಚ್ಚಿದ್ದರೆ ಉಳಿಯುವ ಅಂಕಿಗೆ ಒಂದನ್ನು ಸೇರಿಸುವುದು ಇದರ ನಿಯಮ. ಎರಡನೆಯದು ‘ಕತ್ತರಿಸುವ’ ಕ್ರಮ. ಬಿಡುವ ಭಾಗ ಎಷ್ಟೇ ದೊಡ್ಡದಿರಲಿ, ಅದನ್ನು ನೋಡದೆ ತೆಗೆದುಹಾಕುವುದು ಇದರ ನಿಯಮ. 149 ರೂಪಾಯಿಗೆ ಶೇಕಡಾ 5ರಂತೆ 7.45 ರೂಪಾಯಿ ಆಗುತ್ತದೆ. ಎರಡು ಕ್ರಮಗಳಲ್ಲಿಯೂ 7 ರೂಪಾಯಿ ಎಂದೇ ಉತ್ತರ. 151 ರೂಪಾಯಿಗೆ 7.55 ಆಗುತ್ತದೆ, ಸಮೀಪಗೊಳಿಸಿದರೆ 8, ಕತ್ತರಿಸಿದರೆ 7. ತಮ್ಮ ಹಿಡಿದದ್ದು ಮೊದಲನೆಯ ಕ್ರಮವನ್ನು, ಅಕ್ಕ ಹಿಡಿದದ್ದು ಎರಡನೆಯದನ್ನು.

ಈ ಎರಡು ಕ್ರಮಗಳ ಸ್ವಭಾವದಲ್ಲಿ ಒಂದು ಮುಖ್ಯವಾದ ಭೇದವಿದೆ. ಸಮೀಪಗೊಳಿಸುವಾಗ ಆಗುವ ತಪ್ಪು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಅದು ಎಂದೂ ಅರ್ಧವನ್ನು ಮೀರುವುದಿಲ್ಲ. ಕತ್ತರಿಸುವಾಗ ಆಗುವ ತಪ್ಪು ಹೆಚ್ಚುಕಡಿಮೆ ಒಂದರವರೆಗೂ ಹೋಗಬಲ್ಲದು. ಅದಕ್ಕಿಂತ ಮುಖ್ಯವಾಗಿ, ಧನಸಂಖ್ಯೆಗಳಲ್ಲಿ ಅದು ಯಾವಾಗಲೂ ಒಂದೇ ದಿಕ್ಕಿಗೆ, ಕೆಳಗಿನ ದಿಕ್ಕಿಗೇ ವಾಲುತ್ತದೆ.

ಒಂದು ಹಳ್ಳಿಯ ಹಾಲಿನ ಲೆಕ್ಕದಿಂದ ಇದನ್ನು ಸ್ಪಷ್ಟಮಾಡಿಕೊಳ್ಳಬಹುದು. ಒಂದು ಮನೆಯವರು ದಿನಕ್ಕೆ ಎರಡು ಹೊತ್ತು ಹಾಲನ್ನು ಅಳೆಸಿ ಕೊಡುತ್ತಾರೆಂದು ಭಾವಿಸಲಾಗಲಿ. ಅಳತೆಯ ಯಂತ್ರ 4.78 ಲೀಟರು ಎಂದು ತೋರಿಸುತ್ತದೆ. ಪುಸ್ತಕದಲ್ಲಿ ಒಂದು ದಶಮಾಂಶ ಸ್ಥಾನಕ್ಕೆ ಮಾತ್ರ ಜಾಗವಿದೆ. ಕತ್ತರಿಸಿ ಬರೆದರೆ 4.7. ಕೊನೆಯ ಅಂಕಿ ಒಂದು ದಿನ 8, ಇನ್ನೊಂದು ದಿನ 3, ಮತ್ತೊಂದು ದಿನ 0 ಆಗಿರಬಹುದು. 0ಯಿಂದ 9ರವರೆಗಿನ ಹತ್ತು ಅಂಕಿಗಳೂ ಸಮವಾಗಿ ಬರುತ್ತವೆಂದು ಹಿಡಿದರೆ, ಹತ್ತು ಅಳತೆಗಳಲ್ಲಿ ಬಿಟ್ಟುಹೋಗುವುದು 0, 1, 2 ಎಂದು ಮೊದಲಾಗಿ 9ರವರೆಗೆ, ಒಟ್ಟು 45. ಎಂದರೆ ಲೀಟರಿನ ನೂರರಲ್ಲಿ 45 ಭಾಗ. ವರ್ಷಕ್ಕೆ 730 ಅಳತೆಗಳು. ಒಟ್ಟು ನಷ್ಟ 32.85 ಲೀಟರು. ಅಂಥ ನೂರು ಮನೆಗಳಿದ್ದರೆ ವರ್ಷಕ್ಕೆ 3,285 ಲೀಟರು ಹಾಲು ಪುಸ್ತಕದಲ್ಲಿ ಕಾಣಿಸಿಕೊಳ್ಳದೆ ಹೋಗುತ್ತದೆ. ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಬರೆಯುವ ಕ್ರಮವೇ ಕೊಡುವವನ ಕೈಯಿಂದ ತೆಗೆದು ಕೊಳ್ಳುವವನ ಕೈಗೆ ಇಟ್ಟಿದೆ. “ಹನಿ ಹನಿ ಕೂಡಿದರೆ ಹಳ್ಳ” ಎಂಬ ಗಾದೆ ಗಳಿಕೆಗೆ ಹೇಗೋ ನಷ್ಟಕ್ಕೂ ಹಾಗೆಯೇ ಸಲ್ಲುತ್ತದೆ.

ಅದೇ ಹತ್ತು ಅಳತೆಗಳನ್ನು ಸಮೀಪಗೊಳಿಸಿ ಬರೆದರೆ ಏನಾಗುತ್ತದೆ? 1, 2, 3, 4 ಎಂಬ ಅಂಕಿಗಳು ಬಿಟ್ಟುಹೋಗುವುದರಿಂದ ಕೊಡುವವನಿಗೆ 10 ಭಾಗ ನಷ್ಟ. 5, 6, 7, 8, 9 ಎಂಬ ಅಂಕಿಗಳು ಮೇಲಕ್ಕೇರುವುದರಿಂದ ಕ್ರಮವಾಗಿ 5, 4, 3, 2, 1, ಒಟ್ಟು 15 ಭಾಗ ಲಾಭ. ನಷ್ಟಲಾಭಗಳು ಬಹುಮಟ್ಟಿಗೆ ಒಂದನ್ನೊಂದು ತೊಡೆದುಹಾಕುತ್ತವೆ. ಉಳಿಯುವ 5 ಭಾಗದ ವ್ಯತ್ಯಾಸಕ್ಕೆ ನಡುವೆ ನಿಂತಿರುವ 5 ಎಂಬ ಅಂಕಿಯೇ ಕಾರಣ. ಅದು ಎರಡೂ ಕಡೆಗೆ ಸಮಾನ ದೂರದಲ್ಲಿದ್ದರೂ ಯಾವಾಗಲೂ ಮೇಲಕ್ಕೆ ಹೋಗುತ್ತದೆ. ಈ ಸಣ್ಣ ಪಕ್ಷಪಾತವನ್ನೂ ಸಹಿಸದವರು ಇನ್ನೊಂದು ನಿಯಮವನ್ನು ಬಳಸುತ್ತಾರೆ. ಬಿಡುವ ಭಾಗ ಸರಿಯಾಗಿ ಅರ್ಧವೇ ಆಗಿದ್ದರೆ ಉಳಿಯುವ ಅಂಕಿ ಸಮಸಂಖ್ಯೆಯಾಗುವಂತೆ ಬರೆಯುತ್ತಾರೆ: 4.75 ಎಂಬುದು 4.8 ಆಗುತ್ತದೆ, 4.65 ಎಂಬುದು 4.6 ಆಗುತ್ತದೆ. ಆಗ 5 ಎಂಬ ಅಂಕಿ ಅರ್ಧ ಸಲ ಮೇಲಕ್ಕೆ, ಅರ್ಧ ಸಲ ಕೆಳಕ್ಕೆ ಹೋಗಿ ತಕ್ಕಡಿ ಸಮನಾಗುತ್ತದೆ.

ಹಾಲಿನ ಲೆಕ್ಕದಲ್ಲಿ ಊಹಿಸಿದ ಸಂಗತಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ನಿಜವಾಗಿಯೇ ನಡೆಯಿತು. ಅಲ್ಲಿ ಅಂದು ಇದ್ದ ಶೇರುಪೇಟೆ 1982ರ ಜನವರಿಯಲ್ಲಿ ಒಂದು ಸೂಚ್ಯಂಕವನ್ನು ಆರಂಭಿಸಿತು. ಪೇಟೆಯಲ್ಲಿ ಶೇರುಗಳ ಬೆಲೆ ಒಟ್ಟಿನ ಮೇಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತೋರಿಸುವ ಸಂಖ್ಯೆಯೇ ಸೂಚ್ಯಂಕ. ಆರಂಭದಲ್ಲಿ ಅದನ್ನು 1000 ಎಂದು ಇಡಲಾಗಿತ್ತು. ಒಂದೊಂದು ವ್ಯವಹಾರ ನಡೆದಾಗಲೂ ಗಣಕಯಂತ್ರ ಹಿಂದಿನ ಸೂಚ್ಯಂಕವನ್ನೇ ಹಿಡಿದು ಹೊಸದನ್ನು ಲೆಕ್ಕಹಾಕಿ, ಮೂರು ದಶಮಾಂಶ ಸ್ಥಾನಗಳನ್ನು ಉಳಿಸಿ ಮಿಕ್ಕುದನ್ನು ಕತ್ತರಿಸುತ್ತಿತ್ತು. ಒಂದು ಸಲಕ್ಕೆ ಆಗುತ್ತಿದ್ದ ನಷ್ಟ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಈ ಕೆಲಸ ದಿನಕ್ಕೆ ಸುಮಾರು ಮೂರು ಸಾವಿರ ಸಲ ನಡೆಯುತ್ತಿತ್ತು. ಒಂದು ಸಲದ ತಪ್ಪು ಮುಂದಿನ ಲೆಕ್ಕಕ್ಕೆ ಬುನಾದಿಯಾಗುತ್ತಿತ್ತು. ಹೀಗೆ ದಿನಕ್ಕೆ ಒಂದು ಅಂಶಕ್ಕಿಂತ ಹೆಚ್ಚು ಸೋರಿಹೋಗುತ್ತ ಬಂದು, 22 ತಿಂಗಳ ಅನಂತರ, 1983ರ ನವೆಂಬರಿನಲ್ಲಿ, ಸೂಚ್ಯಂಕ 524.811ಕ್ಕೆ ಇಳಿದಿತ್ತು. ತಪ್ಪನ್ನು ಕಂಡುಹಿಡಿದು ಮತ್ತೆ ಲೆಕ್ಕಹಾಕಿದಾಗ ನಿಜವಾದ ಬೆಲೆ 1098.892 ಎಂದು ತಿಳಿಯಿತು. ಶೇಕಡಾ ಸುಮಾರು 10ರಷ್ಟು ಏರಿದ್ದ ಪೇಟೆಯನ್ನು ಆ ಸಂಖ್ಯೆ ಶೇಕಡಾ 47ಕ್ಕೂ ಹೆಚ್ಚು ಕುಸಿದಂತೆ ತೋರಿಸುತ್ತಿತ್ತು.

ಹಾಗಾದರೆ ಸಮೀಪಗೊಳಿಸುವ ಕ್ರಮ ದೋಷವಿಲ್ಲದ್ದೇ? ಅದಕ್ಕೂ ತಕ್ಕ ಎಚ್ಚರ ಬೇಕು. ಭಾರತದಲ್ಲಿ 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ ರೂಪಾಯಿಗೆ 100 ನಯಾಪೈಸೆ. ಒಂದು ಆಣೆಗೆ ಸರಿಯಾಗಿ 6.25 ನಯಾಪೈಸೆ. ಆದರೆ ಕಾಲು ಪೈಸೆಯ ನಾಣ್ಯವಿಲ್ಲವಾದುದರಿಂದ ಪರಿವರ್ತನೆಯ ಪಟ್ಟಿಯಲ್ಲಿ ಒಂದು ಆಣೆಗೆ 6, ಎರಡು ಆಣೆಗೆ 12, ಮೂರು ಆಣೆಗೆ 19, ನಾಲ್ಕು ಆಣೆಗೆ 25 ಎಂದು ಗೊತ್ತುಮಾಡಲಾಯಿತು. ಆ ಪಟ್ಟಿಯಲ್ಲಿ ಸರಿಯಾಗಿ ಅರ್ಧವಿದ್ದ ಭಿನ್ನವನ್ನೂ ಬಿಡಲಾಗಿತ್ತೆಂಬುದು ಎರಡು ಆಣೆಯ ಬೆಲೆಯಿಂದ ತಿಳಿಯುತ್ತದೆ. ಒಂದೊಂದು ಆಣೆಯ ವಸ್ತುವನ್ನು ಹದಿನಾರು ಸಲ ಬೇರೆ ಬೇರೆಯಾಗಿ ಕೊಂಡವನು ಈ ಪಟ್ಟಿಯಂತೆ ಒಟ್ಟು 96 ನಯಾಪೈಸೆ ಕೊಡುತ್ತಾನೆ. ಎಲ್ಲವನ್ನೂ ಒಟ್ಟಿಗೆ ಕೊಂಡವನು 100 ಕೊಡುತ್ತಾನೆ. ಮೂರು ಆಣೆಯ ವಸ್ತುವನ್ನು ಹದಿನಾರು ಸಲ ಕೊಂಡವನಾದರೋ 300ರ ಬದಲು 304 ಕೊಡುತ್ತಾನೆ. ವಸ್ತು ಬದಲಾಗಲಿಲ್ಲ, ಬೆಲೆ ಬದಲಾಗಲಿಲ್ಲ. ಸಮೀಪಗೊಳಿಸಿದ ಘಟ್ಟ ಮಾತ್ರ ಬದಲಾಯಿತು. ಬಿಡಿಬಿಡಿಯಾಗಿ ಸಮೀಪಗೊಳಿಸಿ ಕೂಡಿಸುವುದೂ, ಕೂಡಿಸಿ ಕೊನೆಗೆ ಸಮೀಪಗೊಳಿಸುವುದೂ ಒಂದೇ ಅಲ್ಲ.

ಈ ಎಚ್ಚರ ದಿನನಿತ್ಯದ ಶೇಕಡಾ ಲೆಕ್ಕದಲ್ಲಿಯೂ ಬೇಕು. ಮೂವರು ಅಣ್ಣತಮ್ಮಂದಿರು 1,50,000 ರೂಪಾಯಿಯ ಫಸಲಿನ ಹಣವನ್ನು ಸಮನಾಗಿ ಹಂಚಿಕೊಳ್ಳುವಾಗ, ಒಬ್ಬೊಬ್ಬನಿಗೆ ಶೇಕಡಾ 33 ಎಂದು ಮೊದಲೇ ಸಮೀಪಗೊಳಿಸಿಕೊಂಡರೆ ಪ್ರತಿಯೊಬ್ಬನಿಗೂ 49,500 ರೂಪಾಯಿ ಬರುತ್ತದೆ. 1,500 ರೂಪಾಯಿ ವಾರಸುದಾರರಿಲ್ಲದೆ ಉಳಿಯುತ್ತದೆ. ಮೂರರಿಂದ ನೇರವಾಗಿ ಭಾಗಿಸಿದ್ದರೆ 50,000 ರೂಪಾಯಿಯಂತೆ ಹಂಚಿಕೆ ಮುಗಿಯುತ್ತಿತ್ತು. ಹಾಗೆಯೇ ಒಮ್ಮೆ ಸಮೀಪಗೊಳಿಸಿದುದನ್ನು ಮತ್ತೆ ಸಮೀಪಗೊಳಿಸಬಾರದು. 4.46ನ್ನು 4.5 ಮಾಡಿ, ಆ 4.5ನ್ನು 5 ಮಾಡಿದರೆ, ನೇರವಾಗಿ 4 ಆಗಬೇಕಾಗಿದ್ದ ಸಂಖ್ಯೆ ಎರಡು ಮೆಟ್ಟಿಲು ಹತ್ತಿ 5 ಆಗಿಬಿಡುತ್ತದೆ. ಲೆಕ್ಕದ ನಡುವೆ ಅಂಕಿಗಳನ್ನು ಪೂರ್ತಿಯಾಗಿ ಉಳಿಸಿಕೊಂಡು, ಕೊನೆಯಲ್ಲಿ ಒಂದೇ ಸಲ ಸಮೀಪಗೊಳಿಸುವುದು ಸುರಕ್ಷಿತವಾದ ದಾರಿ.

ಇಷ್ಟು ಎಚ್ಚರದಿಂದ ಬಳಸಿದರೂ ಸಮೀಪಗೊಳಿಸುವುದು ಸಲ್ಲದಂಥ ಸಂದರ್ಭಗಳುಂಟು. ಜರ್ಮನಿಯ ಉತ್ತರ ತುದಿಯಲ್ಲಿರುವ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯದಲ್ಲಿ 1992ರ ಏಪ್ರಿಲ್ 5ರಂದು ಶಾಸನಸಭೆಯ ಚುನಾವಣೆ ನಡೆಯಿತು. ಅಲ್ಲಿಯ ಸಾಮಾನ್ಯ ನಿಯಮದಂತೆ ಶೇಕಡಾ 5ಕ್ಕಿಂತ ಕಡಿಮೆ ಮತ ಪಡೆದ ಪಕ್ಷಕ್ಕೆ ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚುವ ಸ್ಥಾನಗಳಲ್ಲಿ ಪಾಲಿಲ್ಲ. ಎಣಿಕೆ ಮುಗಿದಾಗ ಗ್ರೀನ್ ಪಕ್ಷದ ಹೆಸರಿನ ಮುಂದೆ 5.0 ಎಂದು ಅಚ್ಚಾಗಿತ್ತು. ಆ ಪಕ್ಷ ಸಭೆಯನ್ನು ಪ್ರವೇಶಿಸಿತೆಂದೇ ಎಲ್ಲರೂ ತಿಳಿದರು. ಮಧ್ಯರಾತ್ರಿಯ ಹೊತ್ತಿಗೆ ನಿಜಸಂಗತಿ ಹೊರಬಿದ್ದಿತು. ಆ ಪಕ್ಷಕ್ಕೆ ಬಂದಿದ್ದುದು ಶೇಕಡಾ 4.97. ಅಚ್ಚುಹಾಕುವ ಗಣಕಕ್ರಮ ಒಂದೇ ದಶಮಾಂಶ ಸ್ಥಾನವನ್ನು ತೋರಿಸುವಂತೆ ರಚಿತವಾಗಿದ್ದುದರಿಂದ ಅದು 4.97ನ್ನು 5.0 ಎಂದು ಸಮೀಪಗೊಳಿಸಿತ್ತು. ಫಲಿತಾಂಶವನ್ನು ತಿದ್ದಲಾಯಿತು. ಗ್ರೀನ್ ಪಕ್ಷ ಸಭೆಯಿಂದ ಹೊರಗುಳಿಯಿತು. ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷಕ್ಕೆ 89 ಸ್ಥಾನಗಳಲ್ಲಿ 45 ದೊರೆತು, ಒಂದೇ ಸ್ಥಾನದ ಅಂತರದಿಂದ ಬಹುಮತ ಬಂದಿತು.

ಇಂಥದೇ ಪ್ರಶ್ನೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು 2011ರಲ್ಲಿ ತೀರ್ಮಾನವಾಯಿತು. ಅಂದಿನ ಒರಿಸ್ಸಾ ರಾಜ್ಯದ ನ್ಯಾಯಾಂಗ ಸೇವೆಯ ಪರೀಕ್ಷೆಯಲ್ಲಿ ಸಂದರ್ಶನಕ್ಕೆ ಅರ್ಹತೆ ಪಡೆಯಲು ಮುಖ್ಯ ಲಿಖಿತ ಪರೀಕ್ಷೆಯ ಒಟ್ಟು ಅಂಕಗಳಲ್ಲಿ ಶೇಕಡಾ 45 ಬರಬೇಕಾಗಿತ್ತು. ಒಬ್ಬ ಅಭ್ಯರ್ಥಿಗೆ 750ಕ್ಕೆ 337 ಅಂಕಗಳು ಬಂದಿದ್ದುವು; ಎಂದರೆ ಶೇಕಡಾ 44.93. ಕೊರತೆ ಕೇವಲ ಅರ್ಧ ಅಂಕ. ಉಚ್ಚ ನ್ಯಾಯಾಲಯ ಅದನ್ನು 45 ಎಂದು ಸಮೀಪಗೊಳಿಸಬಹುದೆಂದು ಹೇಳಿತ್ತು. ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ನಿಯಮ ಕನಿಷ್ಠ ಮಿತಿಯನ್ನು ಸ್ಪಷ್ಟವಾಗಿ ಗೊತ್ತುಮಾಡಿದೆ, ಸಮೀಪಗೊಳಿಸಲು ಅದರಲ್ಲಿ ಅವಕಾಶವಿಲ್ಲ, ಆದುದರಿಂದ 44.93 ಎಂಬುದು 45 ಆಗಲಾರದು ಎಂಬುದು ಆ ತೀರ್ಪಿನ ಸಾರ. ಅರ್ಧ ಅಂಕಕ್ಕೆ ಅವಕಾಶ ತಪ್ಪಿದವರ ನೋವು ಸಣ್ಣದಲ್ಲ. ಆದರೆ ಗಡಿಯನ್ನು ಒಬ್ಬರಿಗಾಗಿ 44.5ಕ್ಕೆ ಇಳಿಸಿದರೆ 44.4 ಪಡೆದವರಿಗೂ ಅದೇ ನೋವು ಉಳಿಯುತ್ತದೆ; ಗಡಿ ಎಲ್ಲಿಯೂ ನಿಲ್ಲದಂತಾಗುತ್ತದೆ.

ಈ ನಿದರ್ಶನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ತತ್ತ್ವ ತೋರಿಬರುತ್ತದೆ. ಸಂಖ್ಯೆ ಎರಡು ಬಗೆಯ ಕೆಲಸಗಳನ್ನು ಮಾಡುತ್ತದೆ. ಕೆಲವು ಕಡೆ ಅದು ಅಳತೆ. ಕೆಲವು ಕಡೆ ಅದು ಗಡಿ. ಹಾಲು ಎಷ್ಟು, ಹಣ ಎಷ್ಟು, ಪೇಟೆ ಎಷ್ಟು ಏರಿತು ಎಂದು ಕೇಳುವಾಗ ಸತ್ಯಕ್ಕೆ ಅತಿ ಸಮೀಪವಾದ ಸಂಖ್ಯೆ ಬೇಕು. ಅಲ್ಲಿ ಸಮೀಪಗೊಳಿಸುವುದೇ ನ್ಯಾಯ. ತುಂಬಿತೇ ಇಲ್ಲವೇ, ತಲುಪಿತೇ ಇಲ್ಲವೇ ಎಂದು ಕೇಳುವಾಗ ಸಮೀಪದಲ್ಲಿರುವುದು ಸಾಲದು, ಮುಟ್ಟಬೇಕು. ಭಾರತದಲ್ಲಿ ಮತದಾನದ ಹಕ್ಕು 18 ವರ್ಷ ತುಂಬಿದವರಿಗೆ. 17 ವರ್ಷ 11 ತಿಂಗಳ ತರುಣನ ವಯಸ್ಸು 18ಕ್ಕೆ ಬಹಳ ಹತ್ತಿರವಿದೆಯೆಂದು ಯಾರೂ ಅವನನ್ನು ಮತದಾರರ ಪಟ್ಟಿಗೆ ಸೇರಿಸುವುದಿಲ್ಲ. ವಯಸ್ಸನ್ನು ಎಣಿಸುವಾಗ ಎಲ್ಲರೂ ತಿಳಿದೋ ತಿಳಿಯದೆಯೋ ಕತ್ತರಿಸುವ ಕ್ರಮವನ್ನೇ ಬಳಸುತ್ತಾರೆ.

ಇನ್ನೊಂದು ಮಾತೂ ಮುಖ್ಯ. ಯಾವ ಕ್ರಮವನ್ನು ಬಳಸಲಾಗುವುದೆಂಬುದನ್ನು ಲೆಕ್ಕಕ್ಕೆ ಮೊದಲೇ ತಿಳಿಸಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 170ನೆಯ ಕಲಮು ಹೀಗೆಯೇ ಮಾಡಿದೆ. ತೆರಿಗೆಯ ಮೊತ್ತದಲ್ಲಿ ರೂಪಾಯಿಯ ಭಾಗವಾದ ಪೈಸೆಗಳು 50 ಅಥವಾ ಹೆಚ್ಚಿದ್ದರೆ ಪೂರ್ಣ ರೂಪಾಯಿ, 50ಕ್ಕಿಂತ ಕಡಿಮೆಯಿದ್ದರೆ ಅದನ್ನು ಬಿಡತಕ್ಕದ್ದು ಎಂದು ಅದು ವಿಧಿಸುತ್ತದೆ. ಕೊಡುವವನಿಗೂ ಕೊಳ್ಳುವವನಿಗೂ ನಿಯಮ ಒಂದೇ ಆಗಿ, ಮೊದಲೇ ಗೊತ್ತಿದ್ದರೆ ಜಗಳಕ್ಕೆ ಆಸ್ಪದವಿಲ್ಲ. ಉತ್ತರವನ್ನು ನೋಡಿಕೊಂಡು, ತನಗೆ ಅನುಕೂಲವಾದ ಕ್ರಮವನ್ನು ಆಮೇಲೆ ಆರಿಸಿಕೊಳ್ಳುವುದು ಲೆಕ್ಕವಲ್ಲ.

ಕನ್ನಡ ನಾಡಿನ ಹಳೆಯ ಗಣಿತಜ್ಞರು ಈ ಪ್ರಾಮಾಣಿಕತೆಯನ್ನು ಬಲ್ಲವರಾಗಿದ್ದರು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ವೃತ್ತದ ಪರಿಧಿಯನ್ನು ಕಂಡುಹಿಡಿಯಲು ವ್ಯಾಸವನ್ನು ಮೂರರಿಂದ ಗುಣಿಸುವುದು ವ್ಯಾವಹಾರಿಕ ಗಣಿತವೆಂದೂ, ಹತ್ತರ ವರ್ಗಮೂಲದಿಂದ ಗುಣಿಸುವುದು ಸೂಕ್ಷ್ಮ ಗಣಿತವೆಂದೂ ಅವನು ಎರಡನ್ನೂ ಬೇರೆ ಬೇರೆಯಾಗಿ ಹೇಳಿದ್ದಾನೆ. ವ್ಯಾಸ 10 ಮೊಳವಿದ್ದರೆ ಮೊದಲನೆಯ ಲೆಕ್ಕಕ್ಕೆ ಪರಿಧಿ 30 ಮೊಳ, ಎರಡನೆಯದಕ್ಕೆ ಸುಮಾರು 31.62 ಮೊಳ. ಇಂದಿನ ಗಣಿತದಂತೆ ಅದು ಸುಮಾರು 31.42. ಅವನ ಸೂಕ್ಷ್ಮವೂ ಪೂರ್ಣ ನಿಖರವಲ್ಲ. ಆದರೂ ಒಂದು ದಿನಬಳಕೆಯ ಲೆಕ್ಕ, ಇನ್ನೊಂದು ಅದಕ್ಕಿಂತ ಸೂಕ್ಷ್ಮವಾದ ಲೆಕ್ಕ ಎಂದು ಹೆಸರಿಟ್ಟು ತಿಳಿಸಿದ್ದರಿಂದ, ತನ್ನ ಕೆಲಸಕ್ಕೆ ಯಾವುದು ಸಾಕೆಂದು ಓದುವವನು ತಾನೇ ನಿರ್ಧರಿಸಿಕೊಳ್ಳಬಹುದಾಗಿತ್ತು.

ಈಗ ಜಗಲಿಯ ಮೇಲಿನ ಅಕ್ಕತಮ್ಮಂದಿರ ಬಳಿಗೆ ಮರಳಬಹುದು. “ನಿನಗೆ ಎಷ್ಟು ಬಂತು?” ಎಂದು ನೆಂಟರು ಕೇಳಿದಾಗ ತಮ್ಮ “ಸುಮಾರು ಶೇಕಡಾ 60” ಎಂದರೆ ಅದು ಸುಳ್ಳಲ್ಲ. 59 ಎಂಬುದಕ್ಕಿಂತ ಅದೇ ಸತ್ಯಕ್ಕೆ ಹೆಚ್ಚು ಸಮೀಪವಾದ ಉತ್ತರ. “ಪ್ರಥಮ ದರ್ಜೆಯೇ?” ಎಂದು ಕೇಳಿದರೆ ಅಕ್ಕನ ಮಾತೇ ಸರಿ, 625ಕ್ಕೆ ಶೇಕಡಾ 60 ಎಂದರೆ 375, ಅವನಿಗೆ ಬಂದದ್ದು 374. ಒಂದು ಅಂಕ ಉಳಿದಿದೆ. ಅದನ್ನು ಲೇಖನಿಯ ತುದಿಯಿಂದ ಸೇರಿಸಲು ಬರುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಓದಿಯೇ ಪಡೆಯಬೇಕು.

ಪದಗಳ ಅರ್ಥ

ಭಿನ್ನ – ಒಂದಕ್ಕಿಂತ ಕಡಿಮೆಯಾದ ಭಾಗ
ಆಸ್ಪದ – ಅವಕಾಶ, ಎಡೆ
ಬುನಾದಿ – ತಳಹದಿ
ಬಲಾಬಲ – ಹೆಚ್ಚು ಕಡಿಮೆ ಬಲ
ವ್ಯಾವಹಾರಿಕ – ದಿನಬಳಕೆಗೆ ಸಂಬಂಧಿಸಿದ
ನಿದರ್ಶನ – ಉದಾಹರಣೆ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಕತ್ತರಿಸುವ ಕ್ರಮದಲ್ಲಿ ಆಗುವ ತಪ್ಪು ಯಾವ ದಿಕ್ಕಿಗೆ ವಾಲುತ್ತದೆ?
2. ದಶಮಾನ ನಾಣ್ಯಪದ್ಧತಿ ಭಾರತದಲ್ಲಿ ಎಂದು ಜಾರಿಗೆ ಬಂದಿತು?
3. ‘ಗಣಿತಸಾರಸಂಗ್ರಹ’ವನ್ನು ರಚಿಸಿದವರು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ವ್ಯಾಂಕೂವರ್ ಶೇರುಪೇಟೆಯ ಸೂಚ್ಯಂಕ ತಪ್ಪಾಗಲು ಕಾರಣವೇನು?
2. ‘ಸಂಖ್ಯೆ ಕೆಲವು ಕಡೆ ಅಳತೆ, ಕೆಲವು ಕಡೆ ಗಡಿ’ ಎಂಬ ಮಾತನ್ನು ಎರಡು ನಿದರ್ಶನಗಳೊಡನೆ ವಿವರಿಸಿ.

ಇ. ಸಂದರ್ಭವನ್ನು ಸೂಚಿಸಿ ವಿವರಿಸಿ.
1. “60 ಇನ್ನೂ ತುಂಬಿಲ್ಲ ಕಣೋ.”
2. “ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ.”

ಈ. ಆಲೋಚಿಸಿ.
ಒಂದು ಶಾಲೆ 175 ದಿನ ನಡೆಯಿತು. ಕನಿಷ್ಠ ಶೇಕಡಾ 75 ಹಾಜರಿ ಇರಬೇಕೆಂಬುದು ನಿಯಮ. ಒಬ್ಬ ವಿದ್ಯಾರ್ಥಿನಿ 131 ದಿನ ಹಾಜರಾಗಿದ್ದಾಳೆ. ಅವಳ ಹಾಜರಿಯನ್ನು ಎರಡು ಕ್ರಮಗಳಲ್ಲಿಯೂ ಪೂರ್ಣಸಂಖ್ಯೆಗೆ ತನ್ನಿ. ಅವಳು ನಿಯಮವನ್ನು ಪೂರೈಸಿದ್ದಾಳೆಯೇ? ಕಾರಣ ಕೊಡಿ.